ಮಳೆಯ ಲೆಕ್ಕವೂ ಬ್ಯಾಟರಿಯ ಗುರುತೂ

ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಬ್ಯಾಟರಿಯೆಂದರೆ ಕೈದೀಪ. ಅದರೊಳಗೆ ಹಾಕುವ ವಿದ್ಯುತ್ಕೋಶಕ್ಕೆ ಶೆಲ್ಲು ಎಂದು ಹೆಸರು. ಈ ಶೆಲ್ಲು ಸೊರಗಿತೆಂಬುದನ್ನು ತಿಳಿಯಲು ಬೇರೊಂದು ಸಾಧನ ಬೇಕಾಗಿರಲಿಲ್ಲ. ದೀಪದ ಬೆಳಕು ಬಿಳುಪಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ಇಳಿಯುತ್ತಿತ್ತು. ಟ್ರಾನ್ಸಿಸ್ಟರ್ ರೇಡಿಯೋ ಆದರೆ ಅದರ ದನಿ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ವಾರ್ತೆ ಓದುವವರು ನೆರೆಮನೆಯಲ್ಲಿ ಕುಳಿತು ಓದುತ್ತಿರುವಂತೆ ಕೇಳುತ್ತಿತ್ತು. ಆಗ ಮನೆಯವರು ಶೆಲ್ಲುಗಳನ್ನು ಹೊರತೆಗೆದು ಅಂಗಳದ ಬಿಸಿಲಿನಲ್ಲಿಟ್ಟು, ಸಂಜೆ ಮತ್ತೆ ಹಾಕಿ, ಇನ್ನೊಂದೆರಡು ದಿನ ಕೆಲಸ ತೆಗೆಯುತ್ತಿದ್ದರು. ಅಂದರೆ, ಉಪಕರಣ ಮಾಡುತ್ತಿದ್ದ ಕೆಲಸವೇ ಅದರಲ್ಲಿ ಉಳಿದ ಶಕ್ತಿಯ ಸೂಚನೆಯೂ ಆಗಿತ್ತು.

ಇಂದಿನ ಉಪಕರಣಗಳ ಸ್ವಭಾವ ಹಾಗಲ್ಲ. ಅವು ಸಂಖ್ಯೆಗಳಲ್ಲಿ ವ್ಯವಹರಿಸುತ್ತವೆ. ಸಂಖ್ಯೆಗೆ ದನಿ ಕುಗ್ಗುವುದೆಂಬುದಿಲ್ಲ. ಬ್ಯಾಟರಿ ಸಾಕಷ್ಟಿರುವವರೆಗೆ ಅವು ಮೊದಲ ದಿನದ ಸ್ಪಷ್ಟತೆಯಿಂದಲೇ ಉತ್ತರ ಹೇಳುತ್ತವೆ. ಸಾಲದಾದ ಕ್ಷಣದಲ್ಲಿ ಒಮ್ಮೆಗೇ ಮೌನ ತಾಳುತ್ತವೆ. ಆದುದರಿಂದಲೇ ಅವುಗಳ ಮುಖದ ಒಂದು ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರವೊಂದನ್ನು ಇಡುವ ಪದ್ಧತಿ ಬಂದಿದೆ. ಆ ಚಿತ್ರ ಹೇಳುವುದೇನು, ಹೇಳದಿರುವುದೇನು ಎಂಬುದನ್ನು, ಮನೆಯ ಹವಾಮಾನ ಕೇಂದ್ರವೆಂಬ ಉಪಕರಣವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಭಾಷಣದ ಉದ್ದೇಶ.

ಮನೆಯ ಹವಾಮಾನ ಕೇಂದ್ರಕ್ಕೆ ಸಾಮಾನ್ಯವಾಗಿ ಎರಡು ಅಂಗಗಳು. ಒಂದು, ತಾರಸಿಯ ಮೇಲೋ ತೋಟದ ಕಂಬದ ಮೇಲೋ ನಿಲ್ಲುವ ಹೊರಗಿನ ಘಟಕ. ಉಷ್ಣತೆ, ಆರ್ದ್ರತೆ, ಗಾಳಿಯ ವೇಗ, ಗಾಳಿಯ ದಿಕ್ಕು, ಮಳೆ, ಇವನ್ನೆಲ್ಲ ಅಳೆಯುವುದು ಅದರ ಕೆಲಸ. ಮಳೆಯನ್ನು ಅಳೆಯಲು ಅದರಲ್ಲಿ ಏತದಂತೆ ಅತ್ತಿತ್ತ ಮಗುಚುವ ಜೋಡಿ ದೊನ್ನೆಯೊಂದು ಇರುತ್ತದೆ. ಒಂದು ದೊನ್ನೆ ತುಂಬಿ ಮಗುಚಿತೆಂದರೆ ಇಷ್ಟು ಮಳೆ ಬಿತ್ತೆಂದು ಲೆಕ್ಕ. ಅನೇಕ ಮಾಪಕಗಳಲ್ಲಿ ಒಂದು ಮಗುಚಿಗೆ 0.2 ಮಿಲಿಮೀಟರ್. ಎರಡನೆಯ ಅಂಗ, ಮನೆಯೊಳಗಿನ ಫಲಕ. ಹೊರಗಿನ ಘಟಕವು ಕೆಲವು ಸೆಕೆಂಡುಗಳಿಗೊಮ್ಮೆಯೋ ನಿಮಿಷಕ್ಕೊಮ್ಮೆಯೋ ರೇಡಿಯೋ ತರಂಗದ ಮೂಲಕ ಕಳಿಸುವ ಸುದ್ದಿಯನ್ನು ಫಲಕ ಸ್ವೀಕರಿಸಿ ಅಂಕಿಗಳಾಗಿ ತೋರಿಸುತ್ತದೆ. ಈ ಭಾಷಣವನ್ನು ನಿಮ್ಮ ಮನೆಗೆ ಮುಟ್ಟಿಸುವ ವಿದ್ಯೆಯೇ ಅಲ್ಲಿಯೂ ಕೆಲಸ ಮಾಡುತ್ತದೆ. ಅದರ ಹರವು ಮಾತ್ರ ಅಂಗಳದಿಂದ ನಡುಮನೆಯವರೆಗೆ.

ಅಂಗಗಳು ಎರಡಾದುದರಿಂದ ಬ್ಯಾಟರಿಗಳೂ ಎರಡು ಕಡೆ. ಈ ಸರಳ ಸಂಗತಿಯನ್ನು ಮರೆತು ಗೊಂದಲಕ್ಕೆ ಸಿಲುಕುವವರು ಅನೇಕರು. ಫಲಕದ ಮೇಲೆ ಮೂಡುವ ಬ್ಯಾಟರಿಯ ಚಿತ್ರ ಯಾವ ಅಂಕಿಯ ಪಕ್ಕದಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಹೊರಗಿನ ಉಷ್ಣತೆಯ ಪಕ್ಕದಲ್ಲಿದ್ದರೆ ಅದು ಸಾಮಾನ್ಯವಾಗಿ ಹೊರಗಿನ ಘಟಕದ ಬ್ಯಾಟರಿ. ಒಳಗಿನ ಉಷ್ಣತೆಯ ಪಕ್ಕದಲ್ಲಿಯೋ ಗಡಿಯಾರದ ಪಕ್ಕದಲ್ಲಿಯೋ ಇದ್ದರೆ ಫಲಕದ್ದು. ಫಲಕವನ್ನು ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಮನೆಗಳಲ್ಲಿ ಅದರ ಬ್ಯಾಟರಿ, ಕರೆಂಟು ಹೋದಾಗ ಗಡಿಯಾರ ಕೆಡದಂತೆ ಕಾಯುವ ಆಪದ್ಬಂಧು ಮಾತ್ರ. ನಿಜವಾದ ಹೊರೆ ಹೊತ್ತಿರುವುದು ಹೊರಗೆ, ಗಾಳಿಮಳೆಗೆ ಮೈಯೊಡ್ಡಿ ನಿಂತಿರುವ ಘಟಕದ ಬ್ಯಾಟರಿ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಆ ಚಿತ್ರದಲ್ಲಿ ಮೂರು ಗೆರೆಗಳಿದ್ದು ಒಂದು ಅಳಿಸಿಹೋದರೆ, ಬ್ಯಾಟರಿಯಲ್ಲಿ ಮೂರರಲ್ಲೆರಡು ಪಾಲು ಶಕ್ತಿ ಉಳಿದಿದೆಯೆಂದು ಅರ್ಥವೇ? ಅಲ್ಲ. ಬ್ಯಾಟರಿಯೊಳಗಿನ ಶಕ್ತಿಯನ್ನು ಕಣಜದ ಭತ್ತದಂತೆ ಕೊಳಗ ಹಿಡಿದು ಅಳೆಯಲು ಈ ಪುಟ್ಟ ಉಪಕರಣಕ್ಕೆ ಸಾಧ್ಯವಿಲ್ಲ. ಅದು ಅಳೆಯುವುದು ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟುಗಳನ್ನು. 1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ, ಸತುವಿನ ಬಿಲ್ಲೆಗಳನ್ನೂ ತಾಮ್ರ ಅಥವಾ ಬೆಳ್ಳಿಯ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆದ ಪದರಗಳೊಡನೆ ಒಂದರ ಮೇಲೊಂದು ಪೇರಿಸಿ ಮೊದಲ ವಿದ್ಯುತ್ಕೋಶವನ್ನು ಲೋಕಕ್ಕೆ ತೋರಿಸಿದ. ಒತ್ತಡದ ಮಾನಕ್ಕೆ ಅವನದೇ ಹೆಸರು. ಒತ್ತಡದಿಂದ ಉಳಿಕೆಯನ್ನು ಊಹಿಸುವುದು ನಲ್ಲಿಯ ನೀರಿನ ರಭಸ ನೋಡಿ ತೊಟ್ಟಿಯಲ್ಲಿ ನೀರೆಷ್ಟಿದೆಯೆಂದು ಹೇಳಿದಂತೆ. ಕೆಲವು ತೊಟ್ಟಿಗಳ ವಿಷಯದಲ್ಲಿ ಈ ಊಹೆ ಚೆನ್ನಾಗಿ ಹೊಂದುತ್ತದೆ. ಕೆಲವು ಬ್ಯಾಟರಿಗಳ ವಿಷಯದಲ್ಲಿ ಹೊಂದುವುದೇ ಇಲ್ಲ.

ಅಂಗಡಿಯಲ್ಲಿ ಒಂದೇ ಗಾತ್ರದ, ಒಂದೇ ಆಕಾರದ ಮೂರು ಬಗೆಯ ವಿದ್ಯುತ್ಕೋಶಗಳು ದೊರೆಯುತ್ತವೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಅವುಗಳ ಸ್ವಭಾವ ಬೇರೆ ಬೇರೆ.

ಮೊದಲನೆಯದು ಆಲ್ಕಲೈನ್ ಕೋಶ. ಹೊಸದಾಗಿದ್ದಾಗ ಇದರ ಒತ್ತಡ 1.5ರಿಂದ 1.6 ವೋಲ್ಟ್. ಬಳಸುತ್ತ ಹೋದಂತೆ ಅದು ಇಳಿಜಾರಿನಲ್ಲಿ ನಡೆದಂತೆ ನಿಧಾನವಾಗಿ ಇಳಿದು 0.9 ವೋಲ್ಟಿನ ಆಸುಪಾಸಿಗೆ ಬಂದಾಗ ಬರಿದಾಯಿತೆಂದು ಎಣಿಕೆ. ಇಂತಹ ಕೋಶದ ಮಟ್ಟಿಗೆ ಗೆರೆಗಳ ಚಿತ್ರ ಒಂದು ಮಟ್ಟದವರೆಗೆ ನಂಬಿಕೆಗೆ ಅರ್ಹ. ಒಂದು ಗೆರೆ ಅಳಿದ ಮೇಲೂ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಕಾಶ ಸಿಕ್ಕೀತು.

ಎರಡನೆಯದು ಒಂದೂವರೆ ವೋಲ್ಟಿನ ಲಿಥಿಯಂ ಕೋಶ. ಇದಕ್ಕೆ ಬೆಲೆಯೂ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಇದರ ನಡತೆ ಹಣತೆಯ ಹಾಗೆ. ಎಣ್ಣೆ ತುಂಬಿದ್ದಾಗ ಕುಡಿ ಎಷ್ಟು ಎತ್ತರವೋ, ಎಣ್ಣೆ ತಳ ಮುಟ್ಟುವ ಹೊತ್ತಿಗೂ ಹೆಚ್ಚುಕಡಿಮೆ ಅಷ್ಟೇ ಎತ್ತರ; ಆಮೇಲೆ ಒಂದೆರಡು ಸಲ ತುಯ್ದು ಆರಿಹೋಗುತ್ತದೆ. ಲಿಥಿಯಂ ಕೋಶವೂ ತನ್ನ ಆಯುಷ್ಯದ ಬಹುಭಾಗ ಒಂದೇ ಒತ್ತಡವನ್ನು ಕಾಯ್ದುಕೊಂಡು, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಇದನ್ನು ಹಾಕಿದ ಉಪಕರಣದಲ್ಲಿ ಗೆರೆಗಳೆಲ್ಲ ಭರ್ತಿಯಾಗಿವೆಯೆಂದು ನಿಶ್ಚಿಂತರಾಗುವಂತಿಲ್ಲ. ಅಲ್ಲಿ ಎಚ್ಚರಿಕೆಯ ಗುರುತು ಮೂಡಿತೆಂದರೆ ಅದು ನಾಳೆ ನೋಡೋಣ ಎನ್ನುವ ಮಾತಲ್ಲ, ಇಂದೇ ಏಳಬೇಕೆನ್ನುವ ಮಾತು. ಗುಂಡಿಯಂತೆ ಚಪ್ಪಟೆಯಾಗಿರುವ ಮೂರು ವೋಲ್ಟಿನ ಲಿಥಿಯಂ ಬಿಲ್ಲೆಯದೂ ಇದೇ ರೀತಿ. ಅದರ ಬೆನ್ನ ಮೇಲಿನ 2032 ಎಂಬ ಅಂಕಿ ಶಕ್ತಿಯ ಮಾನವಲ್ಲ. ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್ ಎಂದಷ್ಟೇ ಅದರ ಅರ್ಥ.

ಮೂರನೆಯದು ಮತ್ತೆ ಮತ್ತೆ ಚಾರ್ಜು ಮಾಡಿ ಬಳಸುವ ನಿಕಲ್ ಕೋಶ. ಇದರ ಸಹಜ ಒತ್ತಡವೇ 1.2 ವೋಲ್ಟ್. ಆಲ್ಕಲೈನ್ ಕೋಶಕ್ಕೆಂದು ಹೊಂದಿಸಿದ ಸೂಚಕದ ಕಣ್ಣಿಗೆ ಈ 1.2 ಎಂಬುದು ಅರ್ಧ ಮುಗಿದ ಬ್ಯಾಟರಿಯಾಗಿ ಕಾಣುತ್ತದೆ. ಆಗತಾನೇ ತುಂಬಿಸಿ ತಂದದ್ದನ್ನೂ ಅದು ಅರೆಹೊಟ್ಟೆಯೆಂದೇ ತೋರಿಸುತ್ತದೆ. ಇಲ್ಲಿ ಬ್ಯಾಟರಿಯೂ ಸುಳ್ಳು ಹೇಳುತ್ತಿಲ್ಲ, ಸೂಚಕವೂ ಸುಳ್ಳು ಹೇಳುತ್ತಿಲ್ಲ. ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆದ ಫಲವಿದು. ತಯಾರಕರು ತಮ್ಮ ಕೈಪಿಡಿಯಲ್ಲಿ ಇಂಥದೇ ಕೋಶ ಹಾಕಿರಿ ಎಂದು ಬರೆದಿದ್ದರೆ ಅದಕ್ಕೆ ಕಾರಣ ಇದೇ.

ಒಂದೇ ಕೋಶದ ಒತ್ತಡವೂ ಎಲ್ಲ ವೇಳೆಯಲ್ಲಿ ಒಂದೇ ಆಗಿರುವುದಿಲ್ಲ. ಹೊರಗಿನ ಘಟಕ ಹೆಚ್ಚಿನ ಹೊತ್ತು ತೂಕಡಿಸುತ್ತಿರುತ್ತದೆ. ಆಗ ಅದಕ್ಕೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಸುದ್ದಿ ಕಳಿಸುವ ಕ್ಷಣದಲ್ಲಿ ಮಾತ್ರ ಅದರ ಬೇಡಿಕೆ ಸಾವಿರ ಪಟ್ಟಿಗೂ ಮೀರಿ ಏರುತ್ತದೆ. ಮುದಿ ಎತ್ತು ಸಮತಟ್ಟಿನಲ್ಲಿ ಬರಿಗಾಡಿ ಎಳೆಯುವಾಗ ಅದರ ಮುಪ್ಪು ಕಾಣುವುದಿಲ್ಲ. ಹೇರಿನ ಗಾಡಿಯೊಡನೆ ಏರು ಹತ್ತಿಸಿದಾಗ ಮಂಡಿಯೂರುತ್ತದೆ. ಸವೆದ ಬ್ಯಾಟರಿಯೂ ಹಾಗೆಯೇ. ಹೊರತೆಗೆದು ಮೀಟರು ಹಿಡಿದರೆ 1.3 ವೋಲ್ಟ್ ತೋರಿಸಿ ಸಭ್ಯವಾಗಿರುತ್ತದೆ. ಹೊರೆ ಬಿದ್ದ ಕ್ಷಣದಲ್ಲಿ ಕುಸಿಯುತ್ತದೆ. ಸೂಚಕ ಕ್ಷೀಣವೆನ್ನುತ್ತದೆ, ನನ್ನ ಮೀಟರು ಸರಿಯಿದೆ ಎನ್ನುತ್ತದೆ ಎಂದು ದೂರುವವರು ಈ ಭೇದವನ್ನು ಗಮನಿಸಬೇಕು.

ಚಳಿಯ ಪ್ರಭಾವವೂ ಉಂಟು. ಕೋಶದೊಳಗೆ ನಡೆಯುವುದು ರಸಾಯನ ಕ್ರಿಯೆ. ತಂಪಿನಲ್ಲಿ ಅದು ಮಂದವಾಗುತ್ತದೆ. ಆಲ್ಕಲೈನ್ ಕೋಶದಲ್ಲಿರುವುದು ನೀರಿನಲ್ಲಿ ಕರಗಿದ ಕ್ಷಾರವಾದ್ದರಿಂದ ಹಿಮ ಬೀಳುವ ನಾಡುಗಳಲ್ಲಿ ಅದು ಬಹಳ ಸೊರಗುತ್ತದೆ. ಲಿಥಿಯಂ ಕೋಶ ಸೊನ್ನೆಯ ಕೆಳಗೆ 40 ಡಿಗ್ರಿಯವರೆಗೂ ದುಡಿಯಬಲ್ಲದು. ನಮ್ಮಲ್ಲಿ ಅಂತಹ ಚಳಿಯಿಲ್ಲ. ಆದರೂ ಕೊನೆಗಾಲಕ್ಕೆ ಬಂದ ಬ್ಯಾಟರಿಯ ಗುರುತು ಮಾಗಿಯ ಮುಂಜಾವದಲ್ಲಿ ಮೂಡಿ, ಹೊತ್ತೇರಿದ ಮೇಲೆ ಮಾಯವಾಗುವುದುಂಟು. ಗುರುತು ಹೋಯಿತು, ಇನ್ನು ಚಿಂತೆಯಿಲ್ಲ ಎನ್ನುವಂತಿಲ್ಲ. ಬೆಳಗ್ಗೆ ಕಂಡದ್ದೇ ನಿಜ. ಹಿಂದೆ ಶೆಲ್ಲುಗಳನ್ನು ಬಿಸಿಲಿಗಿಡುತ್ತಿದ್ದುದರ ರಹಸ್ಯವೂ ಇಲ್ಲಿಯೇ ಇದೆ. ಬಿಸಿಲು ಅದಕ್ಕೆ ಹೊಸ ಶಕ್ತಿಯನ್ನೇನೂ ತುಂಬುತ್ತಿರಲಿಲ್ಲ. ಒಳಗೆ ಉಳಿದಿದ್ದ ಚೂರುಪಾರನ್ನು ಚುರುಕುಗೊಳಿಸುತ್ತಿತ್ತು, ಅಷ್ಟೆ. ಇಂದಿನ ಲಿಥಿಯಂ ಕೋಶಗಳ ಮೇಲೆ ಮಾತ್ರ ಈ ಪ್ರಯೋಗ ಸಲ್ಲದು. ಅತಿಯಾದ ಬಿಸಿ ಅವುಗಳಿಗೆ ಅಪಾಯ.

ಕೆಲವು ಘಟಕಗಳಿಗೆ ಸೂರ್ಯಫಲಕವನ್ನೂ ಜೋಡಿಸಿರುತ್ತಾರೆ. ಹಗಲು ಬಿಸಿಲಿನಿಂದ ದೊರೆತ ವಿದ್ಯುತ್ತನ್ನು ಕೆಪಾಸಿಟರ್ ಎಂಬ ಭಾಗದಲ್ಲಿ ಕೂಡಿಟ್ಟು ರಾತ್ರಿ ಖರ್ಚು ಮಾಡುತ್ತವೆ. ಅದು ಸಾಲದೆ ಹೋದಾಗ ಬ್ಯಾಟರಿ ನೆರವಿಗೆ ಬರುತ್ತದೆ. ಇಂತಹವುಗಳಲ್ಲಿ ಒತ್ತಡದ ಅಂಕಿ ಮಧ್ಯಾಹ್ನ ಏರಿ ಬೆಳಗಿನ ಜಾವ ಇಳಿಯುವುದು ಸಹಜ, ಅದಕ್ಕೆ ಗಾಬರಿ ಬೇಡ. ನಿನ್ನೆಯ ಬೆಳಗಿನ ಜಾವಕ್ಕಿಂತ ಇಂದಿನದು ಕಡಿಮೆ, ಇಂದಿಗಿಂತ ನಾಳೆಯದು ಕಡಿಮೆ ಎಂಬ ಜಾಡು ಕಂಡರೆ ಮಾತ್ರ ವಿಚಾರ ಮಾಡಬೇಕು. ಮಲೆನಾಡಿನಲ್ಲಿ ಈ ಜಾಡು ಕಾಣುವುದು ಆಷಾಢದಲ್ಲಿ, ವಾರಗಟ್ಟಲೆ ಸೂರ್ಯದರ್ಶನವಿಲ್ಲದ ದಿನಗಳಲ್ಲಿ. ಮಳೆಯನ್ನು ಅಳೆಯುವ ಯಂತ್ರಕ್ಕೆ ಮಳೆಗಾಲವೇ ಉಪವಾಸದ ಕಾಲ.

ಸೂಚಕಗಳ ಭಾಷೆಯೂ ಒಂದೇ ತೆರನಾಗಿಲ್ಲ. ಕೆಲವು ಗೆರೆಗಳನ್ನು ತೋರಿಸುತ್ತವೆ. ಕೆಲವು ಸೊನ್ನೆಯಿಂದ ಐದರವರೆಗಿನ ಅಂಕಿ ಕೊಡುತ್ತವೆ. ಕೆಲವು ನೇರವಾಗಿ ವೋಲ್ಟುಗಳನ್ನೇ ಹೇಳುತ್ತವೆ. ಮತ್ತೆ ಕೆಲವು ಏನನ್ನೂ ತೋರಿಸದೆ ಇದ್ದು, ಒತ್ತಡ ಗೊತ್ತಾದ ಮಿತಿಗಿಂತ ಕೆಳಗಿಳಿದಾಗ ಮಾತ್ರ ಖಾಲಿ ಬ್ಯಾಟರಿಯ ಚಿತ್ರವನ್ನು ಮೂಡಿಸುತ್ತವೆ. ಇನ್ನೊಂದು ಬಗೆಯಲ್ಲಿ ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳು. ಅದರಲ್ಲಿಯೂ ಒಬ್ಬ ತಯಾರಕರಲ್ಲಿ ಸೊನ್ನೆಯೆಂದರೆ ಕ್ಷೇಮ, ಒಂದು ಎಂದರೆ ಎಚ್ಚರಿಕೆ. ಮತ್ತೊಬ್ಬರಲ್ಲಿ ಇದಕ್ಕೆ ತದ್ವಿರುದ್ಧ. ಆದುದರಿಂದ ಕೈಪಿಡಿಯನ್ನು ಓದದೆ ಚಿಹ್ನೆಯನ್ನು ಓದಲು ಹೋಗುವುದು, ಲಿಪಿ ಕಲಿಯದೆ ಶಾಸನ ಓದಿದಂತೆ.

ಒಂದು ಬ್ಯಾಟರಿಯ ಗುರುತಿಗಾಗಿ ಇಷ್ಟು ಮಾತು ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕು, ಏಕೆಂದರೆ ಇಲ್ಲಿ ಪಣಕ್ಕಿರುವುದು ಎರಡು ಕೋಶಗಳ ಬೆಲೆಯಲ್ಲ. ನಮ್ಮ ಮಳೆಯ ಲೆಕ್ಕ.

ಮಗುಚುವ ದೊನ್ನೆಯ ಮಳೆಮಾಪಕವನ್ನು ಮತ್ತೆ ನೆನೆಯೋಣ. ಅನೇಕ ಉಪಕರಣಗಳಲ್ಲಿ ಮಗುಚಿದ ಎಣಿಕೆ ಹೊರಗಿನ ಘಟಕದಲ್ಲೇ ಒಟ್ಟಾಗುತ್ತ ಹೋಗುತ್ತದೆ. ಗುಡುಗು ಸಿಡಿಲಿನಲ್ಲಿ ನಡುವಿನ ರೇಡಿಯೋ ಸಂಪರ್ಕ ಅರ್ಧ ಗಂಟೆ ಕಡಿದರೂ ಮತ್ತೆ ಕೂಡಿಕೊಂಡಾಗ ಒಟ್ಟು ಎಣಿಕೆ ತಲುಪುತ್ತದೆ. ಮಳೆ ಲೆಕ್ಕ ತಪ್ಪುವುದಿಲ್ಲ. ಆದರೆ ಬ್ಯಾಟರಿಯೇ ಸತ್ತರೆ ದೊನ್ನೆ ರಾತ್ರಿಯಿಡೀ ಮಗುಚುತ್ತಲೇ ಇರುತ್ತದೆ, ಎಣಿಸುವವರಿಲ್ಲ. ಬೆಳಗ್ಗೆ ಫಲಕದಲ್ಲಿ ಕೆಲವೊಮ್ಮೆ ಗೀಟುಗಳು ಮಾತ್ರ ಕಾಣುತ್ತವೆ; ಕೆಲವೊಮ್ಮೆ ಹಳೆಯ ಅಂಕಿಯೇ ಉಳಿದಿರುತ್ತದೆ; ತಿಂಗಳ ಕೊನೆಯ ಪಟ್ಟಿಯಲ್ಲಿ ಆ ದಿನದ ಮುಂದೆ ಸೊನ್ನೆ ಬಂದು ಕುಳಿತಿರುತ್ತದೆ.

ಸೊನ್ನೆ ಎಂಬುದು ಒಂದು ಅಳತೆ. ನೋಡಿದೆ, ಮಳೆ ಬಿದ್ದಿರಲಿಲ್ಲ ಎಂದು ಅದು ಸಾಕ್ಷಿ ನುಡಿಯುತ್ತದೆ. ಖಾಲಿ ಮನೆ ಎಂಬುದು ಅಳತೆಯ ಅಭಾವ. ನಾನು ನೋಡಲಿಲ್ಲ ಎಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಇವೆರಡನ್ನೂ ಒಂದೇ ಮಾಡಿದರೆ ಜಡಿಮಳೆಯ ರಾತ್ರಿ ಒಣ ರಾತ್ರಿಯಾಗಿ ದಾಖಲಾಗುತ್ತದೆ. ಅಡಿಕೆ ತೋಟದವರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ವೇಳೆ ನಿರ್ಧರಿಸಲು ಮಳೆಯ ಲೆಕ್ಕ ಬೇಕು. ಕಾಫಿ ತೋಟದವರಿಗೆ ಹೂಮಳೆ ಎಷ್ಟು ಬಿತ್ತೆಂಬುದರ ಮೇಲೆ ವರ್ಷದ ಬೆಳೆಯೇ ನಿಂತಿದೆ. ಕೊಡಗು, ಚಿಕ್ಕಮಗಳೂರಿನ ಹಳೆಯ ತೋಟಗಳಲ್ಲಿ ತಲೆಮಾರುಗಳಿಂದ ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯುಂಟು. ಅಂತಹ ಪುಸ್ತಕದಲ್ಲಿ ಒಂದು ಸುಳ್ಳು ಸೊನ್ನೆ ಸೇರಿದರೆ, ಮೂವತ್ತು ವರ್ಷಗಳ ಬಳಿಕ ಅದನ್ನು ತೆರೆದು ಓದುವವರಿಗೆ ಅದು ಸುಳ್ಳೆಂದು ತಿಳಿಸುವ ಯಾವ ಗುರುತೂ ಅಲ್ಲಿರುವುದಿಲ್ಲ.

ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ದಿನವೂ ಬೆಳಗ್ಗೆ ಎಂಟೂವರೆಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅಳೆದು ಬರೆಯುವುದು ಅದರ ಕ್ರಮ. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆಯ ದಿನ. ಗಾಜಿನ ಅಳತೆಪಾತ್ರೆ ಹಿಡಿದು ಮಾಪಕದ ಬಳಿಗೆ ನಡೆದುಹೋಗುವ ವೀಕ್ಷಕನ ಕೆಲಸದಲ್ಲಿ ಬ್ಯಾಟರಿಗೆ ಸ್ಥಾನವಿಲ್ಲ. ಅಲ್ಲಿ ಮನುಷ್ಯನ ಶ್ರದ್ಧೆಯೇ ಬ್ಯಾಟರಿ. ಈಗ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ತಾವಾಗಿಯೇ ಸುದ್ದಿ ಕಳಿಸುತ್ತವೆ. ಅವುಗಳ ಬೆನ್ನಿಗೂ ಸೂರ್ಯಫಲಕ, ಬ್ಯಾಟರಿಗಳೇ ಆಧಾರ. ಮನೆಯ ಪುಟ್ಟ ಉಪಕರಣದ ಸಮಸ್ಯೆ ದೊಡ್ಡ ಜಾಲಕ್ಕೂ ತಪ್ಪಿದ್ದಲ್ಲ.

ಈ ಸಂದರ್ಭದಲ್ಲಿ ನೆನೆಯಬೇಕಾದ ಒಬ್ಬರು ಅಣ್ಣಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅವರು 1940ರಲ್ಲಿ ಬೆಂಗಳೂರಿಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದರು. 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಹೊರದೇಶಗಳಿಂದ ಬರುತ್ತಿದ್ದ ಹವಾಮಾಪಕಗಳು ನಮ್ಮಲ್ಲಿಯೇ ತಯಾರಾಗುವಂತೆ ದುಡಿದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಗಾಳಿಯನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಕಾರ್ಯಾಗಾರವನ್ನು ನಡೆಸಿದರು. 2001ರಲ್ಲಿ ತೀರಿಕೊಂಡರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವಾಗಿತ್ತು. ಬ್ಯಾಟರಿಯ ಚಿತ್ರವನ್ನು ಕಡೆಗಣಿಸುವ ನಮಗೆ ಈ ನಿಲುವು ನೇರವಾಗಿ ಅನ್ವಯಿಸುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಬ್ಯಾಟರಿ ಹಾಕಿದ ತಾರೀಖನ್ನೂ ಅದರ ಬಗೆಯನ್ನೂ ಮಳೆಯ ಪುಸ್ತಕದಲ್ಲಿಯೇ ಬರೆದಿಡಬೇಕು. ಎರಡು ಸಲ ಬದಲಿಸಿದ ಮೇಲೆ ನಿಮ್ಮ ಉಪಕರಣದ ಸರಾಸರಿ ಬಾಳಿಕೆ ಎಷ್ಟೆಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಯಾವ ಸೂಚಕಕ್ಕಿಂತಲೂ ಅದು ಹೆಚ್ಚು ನಂಬಲರ್ಹ. ಎರಡನೆಯದಾಗಿ, ಚಿಹ್ನೆ ಮೂಡಲಿ ಬಿಡಲಿ, ಮೃಗಶಿರಾ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಆರಂಭದೊಳಗೆ, ಹೊಸ ಕೋಶಗಳನ್ನು ಹಾಕುವುದು ಕ್ಷೇಮ. ತೆಗೆದ ಕೋಶಗಳನ್ನು ಗೋಡೆಯ ಗಡಿಯಾರಕ್ಕೆ ಹಾಕಿದರೆ ಅಲ್ಲಿ ಅವು ಇನ್ನೂ ಕೆಲಕಾಲ ದುಡಿದಾವು. ಮೂರನೆಯದಾಗಿ, ಹಳೆಯದೊಂದು ಹೊಸದೊಂದು ಎಂದು ಜೊತೆ ಕಟ್ಟಬಾರದು. ಬಲವಾದದ್ದು ಬಡವಾದದ್ದನ್ನು ಅದರ ಮಿತಿ ಮೀರಿ ಹಿಂಡುತ್ತದೆ, ಹಿಂಡಿದ್ದು ಸೋರುತ್ತದೆ. ಸೋರಿದ ಆಲ್ಕಲೈನ್ ಕೋಶದ ತುದಿಯಲ್ಲಿ ಬಿಳಿಯ ಹುಡಿ ಕಟ್ಟಿದ್ದರೆ, ಕೈಗೆ ಚೀಲ ತೊಟ್ಟು, ಬಟ್ಟೆಗೆ ತುಸು ನಿಂಬೆರಸ ಹಚ್ಚಿ ಒರಸಿ, ಒದ್ದೆಬಟ್ಟೆಯಿಂದ ಮತ್ತೊಮ್ಮೆ ಒರಸಿ, ಚೆನ್ನಾಗಿ ಒಣಗಿಸಬೇಕು. ನಾಲ್ಕನೆಯದಾಗಿ, ಬದಲಿಸಿದ ಮೇಲೆ ಫಲಕವು ಹೊರಗಿನ ಘಟಕವನ್ನು ಮತ್ತೆ ಗುರುತಿಸಲು ಕೆಲವು ನಿಮಿಷ ಹಿಡಿಯಬಹುದು. ಕೆಲವು ಉಪಕರಣಗಳಲ್ಲಿ ಮಳೆಯ ಎಣಿಕೆ ಸೊನ್ನೆಯಿಂದ ಆರಂಭವಾಗುವುದೂ ಉಂಟು. ಆದ್ದರಿಂದ ಬ್ಯಾಟರಿ ತೆಗೆಯುವ ಮೊದಲು ಅಂದಿನ ಮಳೆಯನ್ನು ಬರೆದುಕೊಳ್ಳಬೇಕು.

ಇನ್ನು ಕೊನೆಯ ಮಾತು. ಬ್ಯಾಟರಿ ನಿಂತುಹೋದ ದಿನಗಳಿಗೆ ಸೊನ್ನೆ ಬರೆಯಬಾರದು. ಅಂದಾಜಿನಿಂದ ಅಂಕಿ ತುಂಬಲೂಬಾರದು. ಒಂದು ಅಡ್ಡಗೆರೆ ಎಳೆದು, ಬ್ಯಾಟರಿ ಮುಗಿದಿತ್ತು ಎಂದು ಪಕ್ಕದಲ್ಲಿ ಬರೆದರೆ ಸಾಕು. ಆ ಅಡ್ಡಗೆರೆಯಿಂದ ಪುಸ್ತಕದ ಮರ್ಯಾದೆಗೆ ಕುಂದಿಲ್ಲ. ಉಳಿದ ದಿನಗಳ ಅಂಕಿಗಳನ್ನು ನಿಜವಾಗಿ ನೋಡಿಯೇ ಬರೆದಿದ್ದಾರೆ ಎಂಬ ಭರವಸೆಯನ್ನು ಮುಂದೆ ಓದುವವರಿಗೆ ಕೊಡುವುದು ಅದೇ ಗೆರೆ.